ಗಿರಣಿ ಚಮನಸಾಬನ ಓಟ

ನಾನು ಓಡಿದ್ದು ಹೊಟ್ಟೆ ಕರಗಿಸಲಿಕ್ಕೆ. ಇದನ್ನು ಎಲ್ಲಕ್ಕಿಂತ ಮೊದಲು ಹೇಳಿಬಿಡುತ್ತೇನೆ. ಹೇಳಬೇಕಾಗಿದ್ದ ಹೊತ್ತಿನಲ್ಲಿ ಬಾಯಿಗೆ ಬೀಗ ಹಾಕಿಕೊಂಡು ನಿಂತವನು ನಾನು, ಈಗಲಾದರೂ ನೆಟ್ಟಗೆ ಹೇಳಬೇಡವೇ? ದೇವರಿಗೆ ಓಡಲಿಲ್ಲ, ಹರಕೆಗೆ ಓಡಲಿಲ್ಲ. ಹೊಟ್ಟೆಗೆ ಓಡಿದೆ.

ಭಾಂಡುಪ್ ಸ್ಟೇಷನ್ನಿನಿಂದ ಗುಡ್ಡದ ಕಡೆ ಏರುವ ರಸ್ತೆಯಲ್ಲಿ ನನ್ನದೊಂದು ಹಿಟ್ಟಿನ ಗಿರಣಿ. ಇಂಡಿ, ಸಿಂದಗಿ, ಅಫಜಲಪುರದ ಕಡೆಯಿಂದ ಬಂದು ಖಡಿ ಮಷಿನ್ನಿನಲ್ಲಿ ಕಲ್ಲು ಒಡೆಯುವ, ಬಿಲ್ಡಿಂಗ್ ಕೆಲಸದಲ್ಲಿ ಬುಟ್ಟಿ ಹೊರುವ ನಮ್ಮ ಜನವೆಲ್ಲ ಜೋಳ ಬೀಸಿಸಲಿಕ್ಕೆ ನನ್ನ ಹತ್ತಿರವೇ ಬರುತ್ತಿದ್ದರು. ಗೋಧಿ ಬೀಸಿದ ಕಲ್ಲಿನಲ್ಲಿ ಜೋಳ ಬೀಸಿದರೆ ತಟ್ಟುವಾಗ ರೊಟ್ಟಿ ಹರಿಯುತ್ತದೆ ಎಂದು ಅವರ ತಕರಾರು, ಅದಕ್ಕೇ ನಾನು ಜೋಳಕ್ಕೆ ಬೇರೆ ಕಲ್ಲು ಇಟ್ಟಿದ್ದೆ. ನನ್ನ ಕೆಲಸ ಏನು? ಡಬ್ಬಿ ಎತ್ತಿ ಸುರಿಯುವುದು, ಸ್ಟೂಲಿನ ಮೇಲೆ ಕೂರುವುದು, ದಾವಲಬಿ ಕಳಿಸಿದ್ದನ್ನು ತಿನ್ನುವುದು. ದಾವಲಬಿ ನನ್ನ ಹೆಂಡತಿ. ಅವಳ ಕೈರುಚಿ ಎಂಥದೆಂದು ನಾನು ಬಾಯಿಬಿಟ್ಟು ಹೇಳಬೇಕಾಗಿರಲಿಲ್ಲ, ಹೊಟ್ಟೆಯೇ ಹೇಳುತ್ತಿತ್ತು.

1973ನೇ ಇಸವಿಯ ಜನವರಿಯಲ್ಲಿ ಒಂದು ದಿನ ಚೀಲ ಎತ್ತಲು ಬಗ್ಗಿದವನಿಗೆ ಕಣ್ಣು ಕತ್ತಲೆಗಟ್ಟಿತು. ಸ್ಟೇಷನ್ ರೋಡಿನ ಡಾಕ್ಟರು ಕೈಗೆ ಪಟ್ಟಿ ಕಟ್ಟಿ ಗಾಳಿ ಹೊಡೆದು ನೋಡಿದರು, ಎರಡನೇ ಸಲ ನೋಡಿದರು, ಆಮೇಲೆ ನನ್ನ ಮುಖ ನೋಡಿದರು. "ಚಮನಭಾಯ್, ರೋಜ್ ಸುಬಹ್ ದೌಡೋ," ಅಂದರು. ದಿನಾ ಬೆಳಿಗ್ಗೆ ಅರ್ಧ ತಾಸು ಓಡಬೇಕು, ಸಿಹಿ ಮುಟ್ಟಬಾರದು, ಮೂರು ತಿಂಗಳಲ್ಲಿ ಹದಿನೈದು ಕಿಲೋ ಇಳಿಯಬೇಕು. ಇಲ್ಲವಾದರೆ ಬರುವ ದೀಪಾವಳಿಯ ಪಟಾಕಿ ಸದ್ದು ನನ್ನ ಕಿವಿಗೆ ಬೀಳುವುದಿಲ್ಲವಂತೆ. ಗಿರಣಿಗೆ ಬಂದು ಜೋಳ ತೂಗುವ ಕಾಟಾದ ಮೇಲೆ ನಾನೇ ನಿಂತೆ. ಕ್ವಿಂಟಲಿಗೆ ಎರಡು ಕಿಲೋ ಕಡಿಮೆ. ಜೋಳ ತುಂಬಿದ ಚೀಲ ಮತ್ತು ನಾನು ಹೆಚ್ಚುಕಡಿಮೆ ಸರಿಸಮ.

ಆಗಿನ ಭಾಂಡುಪಿನಲ್ಲಿ ಆರೋಗ್ಯಕ್ಕೆಂದು ಓಡುವವರನ್ನು ಯಾರು ಕಂಡಿದ್ದರು? ಲೋಕಲ್ ಹಿಡಿಯುವವರು ಓಡುತ್ತಿದ್ದರು, ಪೊಲೀಸರು ಹಿಡಿಯಬೇಕಾದವರು ಓಡುತ್ತಿದ್ದರು. ನಲವತ್ತೆರಡು ವರ್ಷ ವಯಸ್ಸಿನ ಗಿರಣಿಯವನು ಸುಮ್ಮಸುಮ್ಮನೆ ಓಡುವುದೆಂದರೆ ನಾಚಿಕೆಗೇಡು. ಅದಕ್ಕೇ ಕಾರ್ಖಾನೆಗಳ ಭೋಂಗಾ ಕೂಗುವ ಮೊದಲೇ, ಬೆಳಕು ಹರಿಯುವ ಹೊತ್ತಿಗೆ, ಮುಂಬಯಿಗೆ ನೀರು ಒಯ್ಯುವ ದೊಡ್ಡ ಪೈಪ್‌ಲೈನಿನ ಪಕ್ಕದ ಹಾದಿ ಹಿಡಿದೆ. ಗಿರಣಿಯಿಂದ ಖಡಿ ಮಷಿನ್ನಿನವರೆಗೆ, ಅಲ್ಲಿಂದ ನಮ್ಮ ಜನರ ಗುಡಿಸಲುಗಳನ್ನು ಬಳಸಿಕೊಂಡು ವಾಪಸು. ಮೊದಲ ದಿನ ಚಪ್ಪಲಿ ಜಾರಿ ಬಿದ್ದೆ, ಎರಡನೆಯ ದಿನದಿಂದ ಬರಿಗಾಲು. ಓಡುವಾಗ ಹೊಟ್ಟೆ ಬೇರೆ, ನಾನು ಬೇರೆ ಕುಣಿಯುತ್ತಿದ್ದೆವು, ಪಕ್ಕೆ ಸೆಳೆಯುತ್ತಿತ್ತು. ದಾವಲಬಿ ನಕ್ಕು ನಕ್ಕು ಸುಸ್ತಾಗಿ, ಕಡೆಗೆ ಕರುಣೆ ಬಂದು, ತನ್ನ ಹಳೆಯ ಹಸಿರು ಸೀರೆಯನ್ನು ಉದ್ದಕ್ಕೆ ಹರಿದು ನನ್ನ ನಡುವಿಗೆ ಬಿಗಿಯಾಗಿ ಸುತ್ತಿದಳು.

ಬರಿಗಾಲು, ನಡುವಿಗೆ ಹಸಿರು ಬಟ್ಟೆ, ಮೈತುಂಬ ಬೆವರು, ಏದುಸಿರು, ಅರ್ಧ ಮುಚ್ಚಿದ ಕಣ್ಣು. ಇದಿಷ್ಟು ಸಾಲದೆಂಬಂತೆ ಅದೇ ವಾರ ಮೊಹರಮ್ಮಿನ ಚಂದ್ರ ಕಂಡಿದ್ದ. ಇದ್ಯಾವುದೂ ನನ್ನ ತಲೆಗೆ ಹೊಳೆದಿರಲಿಲ್ಲ.

ಚಂದ್ರ ಕಂಡ ಮೂರನೇ ಬೆಳಿಗ್ಗೆ ಗುಡಿಸಲುಗಳ ಹತ್ತಿರ ಬರುತ್ತಿದ್ದಂತೆ ಉಸಿರು ಸಿಕ್ಕಿಕೊಂಡು ನಿಂತೆ. ನಳದ ಪಾಳಿಯಲ್ಲಿ ನಿಂತಿದ್ದ ಹೆಂಗಸರಲ್ಲಿ ಒಬ್ಬಳು ಕೊಡ ಎತ್ತಿಕೊಂಡು ನೆಟ್ಟಗೆ ನನ್ನ ಕಡೆಗೇ ಬಂದಳು. ಮಲ್ಲಕ್ಕ. ಗೋಡೆ ಕಟ್ಟುವ ಗೌಂಡಿ ಖಂಡಪ್ಪನ ಹೆಂಡತಿ, ವಾರವಾರ ಗಿರಣಿಗೆ ಬಂದು "ಚಮನಣ್ಣಾ, ಸಣ್ಣಗ ಬೀಸ್ರಿ" ಎಂದು ಜಗಳ ತೆಗೆಯುವವಳು. ನೀರು ಕುಡಿಸಲು ಬಂದಳೆಂದು ಬೊಗಸೆ ಒಡ್ಡಿದೆ. ಅವಳು ಬಗ್ಗಿ ಕೊಡದ ನೀರನ್ನೆಲ್ಲ ನನ್ನ ಕಾಲಿನ ಮೇಲೆ ಸುರಿದು, ಆ ಕೆಸರಿಗೇ ಹಣೆ ಹಚ್ಚಿದಳು.

"ಯಪ್ಪಾ, ನಮ್ಮ ಮನಿಯವರ್ನ ಉಳಸ್ರಿ," ಅಂದಳು.

ನಿನ್ನೆಯವರೆಗೆ ಅಣ್ಣ, ಇವತ್ತು ಯಪ್ಪಾ! ಆಗ ತಲೆಗೆ ಹೊಳೆಯಿತು. ನಮ್ಮ ಕಡೆ ಮೊಹರಮ್ಮಿನಲ್ಲಿ ಅಲಾಯಿ ದೇವರನ್ನು, ಅಂದರೆ ಪಂಜಾವನ್ನು, ಕೈಯಲ್ಲಿ ಹಿಡಿದವನು ಮೈಮೇಲೆ ಎಚ್ಚರವಿಲ್ಲದೆ ಓಣಿ ಓಣಿ ಓಡುತ್ತಾನೆ. ಹಿಂದೂ ಮುಸಲ್ಮಾನ ಎನ್ನದೆ ಹೆಂಗಸರು ಅವನನ್ನು ತಡೆದು ಕಾಲಿಗೆ ನೀರು ಹಾಕಿ ಬೇಡಿಕೊಳ್ಳುತ್ತಾರೆ. ನಮ್ಮೂರಿನಲ್ಲಿ ದೇವರು ಹಿಡಿಯುವುದು ನಮ್ಮದೇ ಮನೆತನ, ಈಗಲೂ ನಮ್ಮ ಚಿಕ್ಕಪ್ಪ ಹಿಡಿಯುತ್ತಾನೆ. ಮಲ್ಲಕ್ಕನ ತವರು ಅಲ್ಲಿಂದ ಎರಡು ಹರದಾರಿ. ಈ ಸಲ ಊರಿಗೆ ಹೋಗದ ಚಮನಸಾಬನನ್ನು ದೇವರು ಭಾಂಡುಪಿಗೇ ಬಂದು ಹಿಡಿದಿದ್ದಾನೆ ಎಂದು ಅವಳು ತಿಳಿದಿದ್ದಳು.

ಖಂಡಪ್ಪನಿಗೆ ಟಿ.ಬಿ. ಹಿಡಿದಿತ್ತು. ದಿನ ಬಿಟ್ಟು ದಿನ ಮುನಿಸಿಪಾಲ್ಟಿ ದವಾಖಾನೆಗೆ ಹೋಗಿ ಸೂಜಿ ಮಾಡಿಸಿಕೊಂಡು, ಮುಷ್ಟಿ ತುಂಬ ಗುಳಿಗೆ ತರುತ್ತಿದ್ದ. ಕೆಮ್ಮು ಕಡಿಮೆಯಾಗುತ್ತ ಬಂದಿತ್ತು. "ಆರಾಮ ಅನಿಸಿದ್ರೂ ಬಿಡಬ್ಯಾಡ, ಒಂದೂವರಿ ವರ್ಷ ತಗೋ ಅಂದಾರ್ರೀ ಡಾಕ್ಟರ," ಎಂದು ಡಿಸೆಂಬರಿನಲ್ಲಿ ಗಿರಣಿಯ ಕಟ್ಟೆಯ ಮೇಲೆ ಕೂತು ಅವನೇ ನನಗೆ ಹೇಳಿದ್ದ. ಈ ಮಾತು ನನಗೆ ಗೊತ್ತಿತ್ತು. ಗೊತ್ತಿರಲಿಲ್ಲ ಎಂದು ನಾನು ಯಾರ ಮುಂದೆಯೂ ಹೇಳುವಂತಿಲ್ಲ.

ಅವತ್ತು "ಮಲ್ಲಕ್ಕ, ಇದು ಹೊಟ್ಟಿ ಕರಗಸೂ ಓಟವಾ" ಎಂದು ಹೇಳಬೇಕಾಗಿತ್ತು. ಹೇಳಲಿಕ್ಕೆ ಉಸಿರು ಇರಲಿಲ್ಲ. ಅದು ಖರೆ. ಆದರೆ ಮರುದಿನ ಉಸಿರು ಇತ್ತಲ್ಲ? ಮರುದಿನ ಆರು ಹೆಂಗಸರು ನಿಂತಿದ್ದರು. ಅರವತ್ತು ಗುಡಿಸಲಿಗೆ ಒಂದೇ ನಳ, ಅರ್ಧ ತಾಸು ಪಾಳಿ ಹಚ್ಚಿದರೆ ಒಂದು ಕೊಡ. ಆ ನೀರನ್ನು ಮನೆಯ ಹಂಡೆಗೆ ಹಾಕದೆ ನನ್ನ ಕಾಲಿಗೆ ಹಾಕಿದರು. ನಾನು ಕಾಲು ಜೋಡಿಸಿ ನಿಂತುಕೊಂಡೆ. ಯಾರೋ ನನ್ನ ಕಾಲಿಗೆ ಬೀಳುತ್ತಿದ್ದಾರೆಂದರೆ ಒಳಗೆ ಎಂಥ ಹಿತವಾಗುತ್ತದೆ ಎಂಬುದು ಅಲ್ಲಿಯವರೆಗೆ ನನಗೆ ಗೊತ್ತಿರಲಿಲ್ಲ. ನಾಚಿಕೆಯಿಲ್ಲದೆ ಹೇಳುತ್ತೇನೆ, ಖುಷಿಯಾಯಿತು.

ಮೊಹರಮ್ಮು ಹತ್ತು ದಿನಕ್ಕೆ ಮುಗಿಯಿತು, ನನ್ನ ಮೊಹರಮ್ಮು ಮುಗಿಯಲಿಲ್ಲ. ನಾನು ಓಡುವುದು ನಿಲ್ಲಿಸಿದರೆ ತಾನೆ? ಇವನ ಮೈಮೇಲಿನ ದೇವರು ಇಳಿಯುವ ಜಾತಿಯದಲ್ಲ ಎಂದು ಜನ ಮಾತಾಡಿಕೊಂಡರು. ಖಡಿ ಮಷಿನ್ನಿನ ಮುಕಾದಮ ಗದಿಗೆಪ್ಪ, ಮೊದಲೆಲ್ಲ ನನ್ನ ಹೊಟ್ಟೆಗೆ ತಟ್ಟಿ "ಎಷ್ಟನೇ ತಿಂಗಳಾ?" ಎಂದು ಚಾಷ್ಟಿ ಮಾಡುತ್ತಿದ್ದವನು, ಈಗ ನಾನು ಬರುವಾಗ ಬೀಡಿ ಬಿಸಾಕಿ ತಲೆಯ ಮೇಲಿನ ಟವೆಲು ತೆಗೆಯುತ್ತಿದ್ದ. ನೀರಿನ ಜೊತೆ ನೈವೇದ್ಯ ಬೇರೆ ಬರತೊಡಗಿತು. ಬೆಲ್ಲ ತುಪ್ಪ ಹಾಕಿ ಕಲಸಿದ ಮಲಿದಾ, ಸಿಹಿ ಚೊಂಗೆ, ಮಾದ್ಲಿ, ಸಕ್ಕರೆ. ಬೇಡ ಅಂದರೆ ಕೊಟ್ಟವರ ಮುಖ ಬಾಡುತ್ತಿತ್ತು. ಅಲ್ಲೇ ನಿಂತು ತಿನ್ನಬೇಕು, ತಿಂದದ್ದನ್ನು ಅವರು ಕಣ್ಣಾರೆ ನೋಡಬೇಕು. ಅರ್ಧ ತಾಸು ಓಡಿ ಬೆವರು ಸುರಿಸಿ, ಕಾಲು ತಾಸು ನಿಂತು ತಿನ್ನುತ್ತಿದ್ದೆ.

ಏಪ್ರಿಲ್ಲಿನಲ್ಲಿ ಡಾಕ್ಟರ ಹತ್ತಿರ ಹೋದೆ. ಅವರು ತೂಕ ನೋಡಿ, ಮಷಿನ್ನು ಕೆಟ್ಟಿರಬೇಕೆಂದು ತಾವೇ ಹತ್ತಿ ಇಳಿದು ನೋಡಿದರು. ನೂರಾ ಒಂದು ಕಿಲೋ. "ಮೂವತ್ತು ವರ್ಷ ಆಯಿತು ಪ್ರಾಕ್ಟೀಸು ಸುರು ಮಾಡಿ, ಓಡಿ ಓಡಿ ದಪ್ಪ ಆದವನನ್ನು ನೋಡಿಲ್ಲ," ಎಂದು ಹಿಂದಿಯಲ್ಲಿ ಹೇಳಿ ಕನ್ನಡಕ ತೆಗೆದಿಟ್ಟರು.

ಮನೆಗೆ ಬಂದು ದಾವಲಬಿಗೆ ಹೇಳಿದರೆ ಈ ಸಲ ಅವಳು ನಗಲಿಲ್ಲ. ಮನೆಯೊಳಗೆ ನಮ್ಮದು ದಖನಿ ಮಾತು, ನಾನು ಕನ್ನಡದಲ್ಲೇ ಹೇಳುತ್ತೇನೆ. "ತೋಬಾ ತೋಬಾ. ಐದು ಹೊತ್ತು ನಮಾಜು ಮಾಡೋ ಮನುಷ್ಯ ನೀನು. ಜನ ನಿನ್ನ ಪೂಜೆ ಮಾಡ್ತಾರೆ, ನೀನು ಕಾಲು ಚಾಚಿ ನಿಲ್ತೀಯಾ? ಯಾಕೆ ಓಡ್ತೀಯಾ ಅಂತ ಬಾಯಿಬಿಟ್ಟು ಹೇಳು," ಅಂದಳು. ನಾಳೆ ಹೇಳುತ್ತೇನೆ ಅಂದೆ. ಆ ನಾಳೆ ಬರಲೇ ಇಲ್ಲ.

ಇಲ್ಲಿಯವರೆಗಿನದು ನಗುವಂಥದು, ನಗಬಹುದು. ಮುಂದಿನದನ್ನು ನಾನು ಮೌಲ್ವಿಯ ಮುಂದೆಯೂ ಹೇಳಿಲ್ಲ.

ಅದೇ ತಿಂಗಳ ಕೊನೆಯ ರವಿವಾರ. ಗಿರಣಿ ತುಂಬ ಜನ, ಡಬ್ಬಿಗಳ ಸಾಲು. ಖಂಡಪ್ಪ ತಾನೇ ಜೋಳದ ಡಬ್ಬಿ ಹೊತ್ತು ಬಂದ. ಮುಖದ ಮೇಲೆ ಸ್ವಲ್ಪ ಕಳೆ ಬಂದಿತ್ತು. ಗದಿಗೆಪ್ಪ ಕೇಳಿದ, "ಏನೋ ಖಂಡಪ್ಪಾ, ಸೂಜಿ ಭಾರಿ ಗುಣಾ ಕೊಟ್ಟಾವಲ್ಲೋ?"

ಖಂಡಪ್ಪ ಎಲ್ಲರಿಗೂ ಕೇಳುವಂತೆ ಹೇಳಿದ, "ಸೂಜಿ ಎಲ್ಲೀದ್ರಿ? ಸೂಜಿ ಬಿಟ್ಟು ಹದಿನೈದು ದಿನ ಆತು. ಗುಳಿಗೀನೂ ಬಿಟ್ಟೀನಿ. ದಿನಾ ಮುಂಜಾನೆ ಅಪ್ಪಾರು ನಮ್ಮ ಬಾಗಲಾ ಹಾದು ಓಡತಾರ, ನನಗಿನ್ನ ಸೂಜಿ ಯಾತಕ್ರಿ?"

ಗಿರಣಿಯಲ್ಲಿದ್ದವರೆಲ್ಲ ನನ್ನ ಕಡೆ ತಿರುಗಿದರು. ಒಬ್ಬಾಕೆ ಅಲ್ಲಿಂದಲೇ ಕೈಮುಗಿದಳು. ಅವನ ಕಪಾಳಕ್ಕೆ ಎರಡು ಬಿಗಿದು, ಕೊರಳಪಟ್ಟಿ ಹಿಡಿದು ದವಾಖಾನೆಗೆ ಎಳೆದುಕೊಂಡು ಹೋಗಬೇಕಾಗಿತ್ತು. ಡಿಸೆಂಬರಿನಲ್ಲಿ ಅವನೇ ಹೇಳಿದ ಮಾತನ್ನು ಅವನಿಗೆ ನೆನಪು ಮಾಡಬೇಕಾಗಿತ್ತು. ಆದರೆ ಅಷ್ಟು ಜನರ ಕಣ್ಣು ನನ್ನ ಮೇಲಿತ್ತು. ಟಿ.ಬಿ. ವಾಸಿ ಮಾಡಿದವನಂತೆ ನಾನು! ತಲೆ ತಗ್ಗಿಸಿದೆ, ನಕ್ಕೆ, "ಎಲ್ಲಾ ಮ್ಯಾಲಿನಾಂವನ ಇಚ್ಛಾ," ಅಂದೆ. ಅಂದು, ಅವನ ಜೋಳವನ್ನು ಪಾಳಿ ಬಿಡಿಸಿ ಎಲ್ಲರಿಗಿಂತ ಮೊದಲು ಬೀಸಿಕೊಟ್ಟೆ.

ಅದಾಗಿ ಒಂದು ತಿಂಗಳು ದಾಟಿತ್ತು. ಮಳೆ ಇನ್ನೂ ಬಂದಿರಲಿಲ್ಲ. ಬೆಳಿಗ್ಗೆ ನಡುವಿಗೆ ಹಸಿರು ಬಟ್ಟೆ ಸುತ್ತಿಕೊಂಡು ಬಾಗಿಲು ತೆರೆದರೆ ಹೊಸ್ತಿಲ ಆಚೆ ಮಲ್ಲಕ್ಕ ನಿಂತಿದ್ದಳು. ತುಂಬಿದ ಕೊಡ ಕಂಕುಳಲ್ಲಿತ್ತು. ಸೀರೆಯ ಎದೆಭಾಗವೆಲ್ಲ ಕೆಂಪು. ಮೊದಲು ಅದು ರಕ್ತವೆಂದು ತಿಳಿಯಲಿಲ್ಲ, ಹೋಳಿ ಮುಗಿದು ಎಷ್ಟೋ ದಿನವಾಯಿತಲ್ಲ ಎಂದುಕೊಂಡೆ. ಮನಸ್ಸು ಎಂಥ ದಡ್ಡ ನೋಡಿ.

"ಯಪ್ಪಾ, ನಸಿಕಿನಿಂದ ಬಾಯಿಲೆ ರಕ್ತ ಬೀಳಾಕತ್ತದ. ಒಂದು ಬೋಗಾಣಿ ಆತು. ಲಗೂನ ಬರ್ರಿ, ನಮ್ಮ ಮನಿ ಸುತ್ತ ಮೂರು ಸುತ್ತ ಓಡ್ರಿ," ಅಂದಳು. ಹೇಳುತ್ತಲೇ ಬಗ್ಗಿ ಕೊಡದ ನೀರನ್ನು ನನ್ನ ಕಾಲಿಗೆ ಸುರಿದಳು.

ನಾನು ಹಿಂದಕ್ಕೆ ಜಿಗಿದೆ. "ಮಲ್ಲಕ್ಕಾ, ದವಾಖಾನಿಗೆ ಒಯ್ಯಬೇಕವಾ ಅಂವನ್ನ! ನಾ ಓಡೂದು ಹೊಟ್ಟಿ ಕರಗಸಲಿಕ್ಕ! ಡಾಕ್ಟರ ಹೇಳಿ ಓಡಾಕತ್ತೀನಿ! ನನ್ನ ಮೈಮ್ಯಾಲ ಯಾ ದೇವರೂ ಇಲ್ಲ!" ಎಂದು ಕಿರುಚಿದೆ. ನಾಲ್ಕು ತಿಂಗಳು ಗಂಟಲಿನಲ್ಲಿ ಇಟ್ಟುಕೊಂಡಿದ್ದ ಮಾತು ಕಡೆಗೂ ಹೊರಗೆ ಬಂತು.

ಅವಳ ಮುಖದಲ್ಲಿ ಏನೂ ಬದಲಾಗಲಿಲ್ಲ. "ಮೂರ ಸುತ್ತ್ರಿ ಯಪ್ಪಾ. ಬಾಳ ಅಲ್ಲ," ಅಂದಳು.

ಅವಳನ್ನು ಅಲ್ಲೇ ಬಿಟ್ಟು ಗುಡಿಸಲಿಗೆ ಓಡಿದೆ. ಖಂಡಪ್ಪ ಗೋಡೆಗೆ ಒರಗಿ ಕೂತಿದ್ದ, ಬಾಯಿಗೆ ಟವೆಲು ಒತ್ತಿಕೊಂಡು. ನನ್ನನ್ನು ನೋಡಿ ಕಣ್ಣಿನಲ್ಲೇ ನಕ್ಕ. ದೇವರು ಬಂದ ಎಂಬ ನಗೆ ಅದು. ಬಗ್ಗಿ ಎರಡೂ ಕೈಯಿಂದ ಎತ್ತಿದೆ. ಇಪ್ಪತ್ತು ವರ್ಷ ಜೋಳದ ಚೀಲ ಎತ್ತಿದ ಕೈಗೆ ಕಾಟಾ ಬೇಕಾಗಿಲ್ಲ, ಎತ್ತಿದ ಕೂಡಲೇ ತೂಕ ತಿಳಿಯುತ್ತದೆ. ಮೂವತ್ತೆಂಟು ಕಿಲೋ. ಐದೂಮುಕ್ಕಾಲು ಅಡಿ ಎತ್ತರದ ಗೌಂಡಿ, ಮೂವತ್ತೆಂಟು ಕಿಲೋ! ನನ್ನ ಕೈ ಮೋಸ ಹೋಗಿರಬೇಕೆಂದು ಇನ್ನೊಮ್ಮೆ ಜಾಡಿಸಿ ಹಿಡಿದೆ. ಅಷ್ಟೇ ಇತ್ತು.

ಅವನನ್ನು ಎದೆಗೆ ಹಾಕಿಕೊಂಡು ಟ್ಯಾಕ್ಸಿ ಸಿಗುವ ದೊಡ್ಡ ರಸ್ತೆಯ ಕಡೆ ಓಡಿದೆ. ಗುಡಿಸಲುಗಳಿಂದ ಹೆಂಗಸರು ಹೊರಗೆ ಬಂದರು. ದೇವರು ಹಿಡಿದವನು ರೋಗಿಯನ್ನೇ ಎತ್ತಿಕೊಂಡು ಓಡುತ್ತಿದ್ದಾನೆ! ಇಂಥದನ್ನು ಊರಲ್ಲೂ ಯಾರು ನೋಡಿದ್ದರು? ಒಬ್ಬಳು ಕೊಡ ತಂದಳು, ಅವಳನ್ನು ನೋಡಿ ಇನ್ನೊಬ್ಬಳು. ಅಡ್ಡ ನಿಂತು ನನ್ನ ಕಾಲಿಗೆ ನೀರು ಸುರಿದರು. ಹಾದಿ ಕೆಸರಾಯಿತು. ಕಾಲು ಜಾರಿ ಒಂದು ಮೊಣಕಾಲು ನೆಲಕ್ಕೆ ಬಡಿಯಿತು, ಖಂಡಪ್ಪನ ಬಾಯಿಂದ ಬಿಸಿಯಾಗಿ ನನ್ನ ಹೆಗಲ ಮೇಲೆ ಸುರಿಯಿತು. ಏಳಲು ಹೋದರೆ ಮತ್ತೊಂದು ಕೊಡ. "ನನ್ನ ಗಂಡಗೂ ಕೆಲಸಾ ಸಿಗಲಿ ಯಪ್ಪಾ," ಎನ್ನುತ್ತಿದ್ದಳು ಒಬ್ಬಳು. ನಾನು ಬಾಯಿಗೆ ಬಂದದ್ದೆಲ್ಲ ಬೈದೆ. ಹೆತ್ತವರನ್ನು ಎತ್ತಿ ಬೈದೆ, ಹೆಂಗಸರ ಮುಂದೆ ಆಡಬಾರದ್ದನ್ನೆಲ್ಲ ಆಡಿದೆ. ಅವರು ಹೆದರಿ ಸರಿದರು. ದೇವರಿಗೆ ಸಿಟ್ಟು ಬಂದಿದೆ ಎಂದುಕೊಂಡು ಸರಿದರಂತೆ, ಆಮೇಲೆ ಗದಿಗೆಪ್ಪ ಹೇಳಿದ.

ದೊಡ್ಡ ರಸ್ತೆಯ ತನಕ ಓಡಿದೆ. ನನಗೆ ದಮ್ಮು ಹತ್ತಲಿಲ್ಲ. ನಾಲ್ಕು ತಿಂಗಳ ಓಟದಿಂದ ನನಗೆ ಆದ ಲಾಭ ಅದೊಂದೇ.

ಆಸ್ಪತ್ರೆಯಲ್ಲಿ ಖಂಡಪ್ಪ ಎಂಟು ದಿನ ಇದ್ದ, ಒಂಬತ್ತನೆಯ ದಿನ ತೀರಿಕೊಂಡ. ಅಲ್ಲಿಯ ಡಾಕ್ಟರು ಹಳೆಯ ಚೀಟಿಗಳನ್ನೆಲ್ಲ ನೋಡಿ, ಚೆನ್ನಾಗಿಯೇ ಗುಣವಾಗುತ್ತಿತ್ತಲ್ಲ, ಔಷಧಿ ಬಿಡಿಸಿದವರು ಯಾರು ಎಂದು ಹಿಂದಿಯಲ್ಲಿ ಕೇಳಿದರು. ಮಲ್ಲಕ್ಕ ನೆಲ ನೋಡಿದಳು. ನಾನೂ ನೆಲ ನೋಡಿದೆ. ಅಲ್ಲಿಯೂ ನನ್ನ ಬಾಯಿ ತೆರೆಯಲಿಲ್ಲ.

ಮಣ್ಣು ಮಾಡಿ ಬಂದ ಮೇಲೆ ಓಡುವುದನ್ನು ಬಿಟ್ಟೆ. ಗುಡಿಸಲುಗಳ ಕಡೆ ಮುಖ ಹಾಕಲಿಲ್ಲ. ಆ ಜನ ಬಂದು ಕಲ್ಲು ಎಸೆಯುತ್ತಾರೆ, ಗಿರಣಿಗೆ ಬೆಂಕಿ ಇಡುತ್ತಾರೆ ಎಂದು ದಿನಾ ಕಾದೆ. ಬರಲಿ ಎಂದೇ ಕಾದೆ. ಯಾರೂ ಬರಲಿಲ್ಲ. ಎಂದಿನಂತೆ ಜೋಳ ತಂದರು, ಎಂದಿನಂತೆ "ಯಪ್ಪಾ" ಅಂದರು. ಮಾತಿಗೆ ರಾಗ ಎಳೆಯುವ ಒಬ್ಬ ಮುದುಕಿ ಮಾತ್ರ, ಓಟ ನಿಲ್ಲಿಸಿದ್ದು ಯಾಕೆ, ನಮ್ಮಿಂದ ಏನು ತಪ್ಪಾಯಿತು ಎಂದು ಕೇಳಿ ಕಣ್ಣೀರು ಹಾಕಿದಳು.

ಇಪ್ಪತ್ತು ದಿನದ ಮೇಲೆ ಮಲ್ಲಕ್ಕ ಬಂದಳು, ಡಬ್ಬಿ ಇಲ್ಲದೆ, ಬರಿಗೈಯಲ್ಲಿ. ಮಧ್ಯಾಹ್ನದ ಹೊತ್ತು. ದಾವಲಬಿ ನನಗೆ ಊಟ ತಂದು ಮೂಲೆಯಲ್ಲಿ ಕೂತಿದ್ದಳು. ನಾನು ಎದ್ದು ಗಿರಣಿ ಬಂದ್ ಮಾಡಿದೆ. ಕಲ್ಲು ತಿರುಗಿ ತಿರುಗಿ ನಿಂತಿತು.

"ತಂಗೀ, ನನ್ನದು ತಪ್ಪಾಗ್ಯಾದ," ಅಂದೆ. "ನಾ ಹೊಟ್ಟಿ ಕರಗಸಲಿಕ್ಕ ಓಡತಿದ್ದೆ. ಮೊದಲನೇ ದಿನಾನೇ ಹೇಳಬೇಕಾಗಿತ್ತು."

"ಗೊತ್ತದ್ರಿ," ಅಂದಳು ಮಲ್ಲಕ್ಕ.

"ಏನು ಗೊತ್ತದ?"

"ಹೊಟ್ಟಿ ಸಲುವಾಗಿ ಓಡತಿದ್ರಿ ಅಂತ. ದಾವಲಬಿ ಅಕ್ಕಾರು ಆವಾಗೇ ನಳದ ಹಂತ್ಯಾಕ ಬಂದು ಹೇಳಿ ಹೋಗಿದ್ರಲ್ಲ. ನಾವೆಲ್ಲಾ ಕೂಡಿ ನಕ್ಕಿದ್ವಿ."

ನನ್ನ ಮೇಲೆ ಮಾಡು ಕಳಚಿ ಬಿದ್ದಂತಾಯಿತು. ದಾವಲಬಿಯ ಕಡೆ ತಿರುಗಿದೆ. ಅವಳು ತಲೆ ಎತ್ತದೆ ಹೌದೆಂದು ಗೋಣು ಹಾಕಿದಳು. ನನ್ನ ಬಾಯಿ ತೆರೆಯುವುದಿಲ್ಲವೆಂದು ತಾನೇ ಹೋಗಿ ಹೇಳಿ ಬಂದಿದ್ದಾಳೆ, ಹೇಳಿದರೂ ಉಪಯೋಗವಾಗಲಿಲ್ಲವೆಂದು ನನಗೆ ಹೇಳಿಲ್ಲ. ನಾಲ್ಕು ತಿಂಗಳು ನಾನು ಬಚ್ಚಿಟ್ಟುಕೊಂಡು ಸಾಯುತ್ತಿದ್ದ ಗುಟ್ಟು ಇಡೀ ನಳದ ಪಾಳಿಗೆ ಗೊತ್ತಿತ್ತು!

"ಗೊತ್ತಿದ್ದೂ ನೀರು ಹಾಕತಿದ್ದೇನವಾ?"

"ನೀವು ಯಾತಕ್ಕರೆ ಓಡ್ರಿ," ಅಂದಳು ಮಲ್ಲಕ್ಕ, ಚಿಕ್ಕ ಹುಡುಗನಿಗೆ ತಿಳಿಸಿ ಹೇಳುವವಳ ಹಾಗೆ. "ದೇವರು ಮೈಮ್ಯಾಲ ಬಂದದ್ದು ಹಿಡದಾಂವಗ ಹ್ಯಾಂಗ ಗೊತ್ತಾಗ್ತದ? ನಿಮ್ಮ ಚಿಕ್ಕಪ್ಪಾರಿಗೆ ಗೊತ್ತಾಗ್ತದೇನು? ನೋಡೋರಿಗೆ ಗೊತ್ತಾಗ್ತದ." ಆಮೇಲೆ ಹೇಳಿದಳು. "ಅವತ್ತ ನೀವು ದವಾಖಾನಿ ಕಡೆ ಓಡಿದ್ರಿ. ಮನಿ ಸುತ್ತ ಓಡಲಿಲ್ಲ. ಮೂರ ಸುತ್ತ ಓಡಿದ್ರ ನಿಮ್ಮ ಗಂಟೇನು ಹೋಗತಿತ್ತು?"

ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದರೆ ತಡೆದುಕೊಳ್ಳಬಹುದಿತ್ತು. ಗಂಡನನ್ನು ಕಳೆದುಕೊಂಡವಳು ನನ್ನ ಮೇಲೆ ಹೊರಿಸಿದ ಅಪರಾಧ ಅಪರಾಧವೇ ಅಲ್ಲ, ನಾನು ಮಾಡಿದ ಅಪರಾಧ ಅವಳಿಗೆ ಗೊತ್ತಿಲ್ಲ. ಆ ರವಿವಾರ ಇದೇ ಜಾಗದಲ್ಲಿ ನಿಂತು ನಿನ್ನ ಗಂಡ ಸೂಜಿ ಬಿಟ್ಟೆ ಅಂದಾಗ ನಾನು ನಕ್ಕೆ ಎಂದು ಹೇಳಿಬಿಡೋಣ ಅನ್ನಿಸಿತು. ಹೇಳಿದರೆ ನನ್ನ ಎದೆ ಹಗುರವಾಗುತ್ತಿತ್ತು. ಅಷ್ಟರಲ್ಲಿ ಅವಳು ಸೆರಗು ಬಾಯಿಗೆ ಒತ್ತಿಕೊಂಡು ಕೆಮ್ಮಿದಳು. ಒಂದು ಸಲ, ಎರಡು ಸಲ, ಆಮೇಲೆ ಬಗ್ಗಿ ಗೋಡೆ ಹಿಡಿದುಕೊಂಡು. ಆ ಕೆಮ್ಮನ್ನು ನಾನು ಮೊದಲು ಕೇಳಿದ್ದೆ.

"ನಾಳಿಂದ ಓಡ್ರಿ ಯಪ್ಪಾ," ಅಂದಳು, ಉಸಿರು ಹಿಡಿದುಕೊಂಡು. "ಈಗ ನನಗ ಸುರು ಆಗ್ಯಾದ."

"ದವಾಖಾನಿಗೆ ಹೋಗಿದ್ದೇನು?"

"ಇಲ್ರಿ. ನೀವು ಓಡ್ರಿ, ಸಾಕು."

ಇವಳಿಗೆ ಏನು ಹೇಳಲಿ? ನಿಜ ಹೇಳಿಯಾಯಿತು, ನಿಜ ಇವಳಿಗೆ ಮೊದಲೇ ಗೊತ್ತಿತ್ತು, ಗೊತ್ತಿದ್ದರೂ ಅದರಿಂದ ಮೂರು ಕಾಸಿನ ಪ್ರಯೋಜನವಾಗಿರಲಿಲ್ಲ. ಆಗ ನನ್ನ ಬಾಯಿಂದ ಒಂದು ದನಿ ಬಂತು. ಅದು ಗಿರಣಿ ಚಮನಸಾಬನ ದನಿಯಲ್ಲ. ನಮ್ಮ ಚಿಕ್ಕಪ್ಪ ದೇವರು ಹಿಡಿದಾಗ ಆಡುತ್ತಿದ್ದನಲ್ಲ, ಎದುರಿಗೆ ಊರಗೌಡನೇ ಇದ್ದರೂ ಏಕವಚನದಲ್ಲಿ, ಹೊಟ್ಟೆಯ ಆಳದಿಂದ, ಆ ದನಿ.

"ಕೇಳು ಮಲ್ಲವ್ವಾ," ಅಂದೆ. "ನೀ ಸೂಜಿ ಮಾಡಿಸಿಕೊಂಡು ಬಂದ್ರ ಓಡತೀನಿ, ಇಲ್ಲಂದ್ರ ಇಲ್ಲ. ದವಾಖಾನಿ ಚೀಟಿ ನನಗ ತೋರಸಬೇಕು. ಒಂದು ಸೂಜಿ ಬಿಟ್ಟರೂ, ಒಂದು ಗುಳಿಗಿ ಬಿಟ್ಟರೂ ಈ ಕಾಲು ನೆಲಾ ಬಿಟ್ಟು ಏಳಂಗಿಲ್ಲ. ಒಂದೂವರಿ ವರ್ಷ. ಇದು ನನ್ನ ಮಾತಲ್ಲ."

ಮಲ್ಲಕ್ಕ ಗೋಡೆ ಬಿಟ್ಟು ನೆಟ್ಟಗೆ ನಿಂತಳು. ಕಣ್ಣು ಅಗಲವಾಗಿದ್ದವು. ಎರಡೂ ಕೈ ಜೋಡಿಸಿ "ಹೂನ್ರಿ ಯಪ್ಪಾ" ಅಂದಳು. ಹಿಂದಕ್ಕೆ ಹಿಂದಕ್ಕೆ ನಡೆದು ಕಟ್ಟೆ ಇಳಿದು, ಮನೆಯ ಹಾದಿ ಬಿಟ್ಟು ದವಾಖಾನೆಯ ಹಾದಿ ಹಿಡಿದಳು.

ನಾನು ಸ್ಟೂಲಿನ ಮೇಲೆ ಕುಸಿದೆ. ಇಷ್ಟು ದಿನ ಸುಮ್ಮನಿದ್ದು ಮೋಸ ಮಾಡಿದ್ದೆ, ಈಗ ಬಾಯಿಬಿಟ್ಟು ಮೋಸ ಮಾಡಿದ್ದೆ. ದೇವರ ಹೆಸರಿನಲ್ಲಿ, ಹಗಲುಹೊತ್ತಿನಲ್ಲಿ, ಹೆಂಡತಿಯ ಎದುರಿಗೆ. ದಾವಲಬಿ ಈಗ ತೋಬಾ ಎನ್ನುತ್ತಾಳೆ, ಎದ್ದು ಮನೆಗೆ ಹೋಗಿಬಿಡುತ್ತಾಳೆ ಎಂದು ಕಾದೆ.

ಅವಳು ಊಟದ ಡಬ್ಬಿಯ ಮುಚ್ಚಳ ತೆಗೆದಳು. ಎರಡು ರೊಟ್ಟಿ ಇದ್ದವು, ಒಂದನ್ನು ತೆಗೆದು ಪಕ್ಕಕ್ಕಿಟ್ಟು ಒಂದನ್ನು ನನ್ನ ಮುಂದೆ ಇಟ್ಟಳು.

"ನಾಳೆ ಎಷ್ಟು ಗಂಟೆಗೆ ಎಬ್ಬಿಸಲಿ?" ಎಂದು ಕೇಳಿದಳು.